ಸಿಟಿ ಮಾರ್ಕೆಟ್‌ನ ಹೂವಿನ ಸಾಲಿನಲ್ಲಿ 12 ವಾರ: ಪಟ್ಟೆ, ನೀಲಿ ಮುಖ, 34 ಪ್ರಿಂಟ್

ವಾರಕ್ಕೆ ಆರು ದಿನ ನನ್ನದು ಲೆಕ್ಕಪತ್ರದ ಕೆಲಸ. ಭಾನುವಾರ ಮಾತ್ರ ಕ್ಯಾಮೆರಾ. ಈ ಸಲ ಒಂದೇ ಜಾಗ ಹಿಡಿದು ಕೂರೋಣ ಅಂತ ಬೆಂಗಳೂರಿನ ಸಿಟಿ ಮಾರ್ಕೆಟ್, ಅಂದರೆ ಕೆ.ಆರ್. ಮಾರ್ಕೆಟ್‌ನ ಹೂವಿನ ಸಾಲಿಗೆ ಹೋದೆ. ಹೂ ಮಾರುವವರ ಫೋಟೊ ತೆಗೆದು, ಪ್ರತಿಯೊಬ್ಬರ ಕೈಗೂ ಒಂದು ಪ್ರಿಂಟ್ ಕೊಡಬೇಕು ಅನ್ನೋದು ಯೋಜನೆ. 2025ರ ಜೂನ್ 8ಕ್ಕೆ ಶುರು ಮಾಡಿದೆ, ಆಗಸ್ಟ್ 31ಕ್ಕೆ ಒಂದು ಹಂತಕ್ಕೆ ಬಂತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ಇಲ್ಲಿ ಕ್ರಮವಾಗಿ ಹಾಕುತ್ತಿದ್ದೇನೆ. ಇದೇ ಥರ ಸಂತೆ, ಮಾರುಕಟ್ಟೆಯಲ್ಲಿ ಫೋಟೊ ತೆಗೆಯುವವರಿಗೆ ನಾನು ಮಾಡಿದ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ಸಾಮಾನು: ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರ್‌ನ ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ, 35 ಎಂಎಂ ಎಫ್/2 ಲೆನ್ಸ್, ಎರಡು ಬ್ಯಾಟರಿ. ಜೂಮ್ ಲೆನ್ಸ್ ಬೇಕೆಂದೇ ಮನೆಯಲ್ಲಿ ಬಿಟ್ಟೆ. ಮೇಲಿನ ಮಹಡಿಯಿಂದ ಕೆಳಗಿನ ಹೂರಾಶಿಗೆ ಗುರಿ ಇಟ್ಟು ನಿಲ್ಲುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಎದುರಿಗೆ ಕೂತು ತೆಗೆಯಬೇಕಿತ್ತು.

ಜೂನ್ 8, ಭಾನುವಾರ. ಸದ್ದಿಲ್ಲದ ಶಟರ್.

ಬೆಳಗ್ಗೆ 5:30ಕ್ಕೆ ತಲುಪಿದೆ. ಸೇವಂತಿಗೆ, ಚೆಂಡು ಹೂವಿನ ಮೂಟೆಗಳು ಇಳಿಯುತ್ತಿದ್ದವು. ಯಾರಿಗೂ ತೊಂದರೆ ಆಗಬಾರದು ಅಂತ ಕ್ಯಾಮೆರಾವನ್ನು ಸೈಲೆಂಟ್ ಮೋಡ್‌ಗೆ ಹಾಕಿದೆ. ಎಲೆಕ್ಟ್ರಾನಿಕ್ ಶಟರ್, ಅಂದರೆ ಒಳಗೆ ಏನೂ ಅಲುಗಾಡದೆ ಸೆನ್ಸರ್ ತಾನೇ ಚಿತ್ರ ಓದಿಕೊಳ್ಳುತ್ತದೆ, ಒಂಚೂರೂ ಸದ್ದಿಲ್ಲ. ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡುವ ಹೊತ್ತು) 1/250 ಸೆಕೆಂಡ್, ಲೆನ್ಸಿನ ಕಿಂಡಿಯ ಅಳತೆ ಎಫ್/2.8, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 3200. ಯಾರನ್ನೂ ಕೇಳಲಿಲ್ಲ. ಒಂದೂವರೆ ಗಂಟೆಯಲ್ಲಿ 212 ಫೋಟೊ.

ಮನೆಗೆ ಬಂದು ತೆರೆದು ನೋಡಿದರೆ 160ಕ್ಕೂ ಜಾಸ್ತಿ ಫೋಟೊಗಳ ಮೇಲೆ ಅಡ್ಡಡ್ಡ ಪಟ್ಟೆ. ಒಂದು ಕಪ್ಪು ಪಟ್ಟೆ, ಒಂದು ಬೆಳಕಿನ ಪಟ್ಟೆ, ಮತ್ತೆ ಕಪ್ಪು. ಒಬ್ಬರ ಹಣೆ ಬೆಳಗುತ್ತಿದೆ, ಕಣ್ಣು ಕತ್ತಲೆ, ಗಲ್ಲ ಮತ್ತೆ ಬೆಳಕು. ಸರಿಯಾಗಿ ಬಂದದ್ದು ಹೊರಗಿನ ಸಾಲಿನಲ್ಲಿ, ಬೆಳಕು ಹರಿದ ಮೇಲೆ ತೆಗೆದ ಸುಮಾರು 50 ಮಾತ್ರ.

ಜೂನ್ 10, 11. ಮನೆಯಲ್ಲಿ ಪರೀಕ್ಷೆ.

ಮೊದಲು ಸೆನ್ಸರ್ ಹೋಯಿತೇನೋ ಅಂತ ಹೆದರಿದೆ. ಅಡುಗೆಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಕೆಳಗೆ ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದು ಒಂದೊಂದೇ ಸ್ಪೀಡಿನಲ್ಲಿ ತೆಗೆದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ 1/50ಕ್ಕೆ ಗೋಡೆ ನುಣ್ಣಗೆ ಬಂತು. 1/100ಕ್ಕೂ ಅಷ್ಟೇ. 1/125ಕ್ಕೆ ತೆಳುವಾಗಿ ಪಟ್ಟೆ ಕಾಣಿಸಿತು. 1/250ಕ್ಕೆ ಸ್ಪಷ್ಟ. 1/500ಕ್ಕೆ ಜೀಬ್ರಾ. ಮೆಕಾನಿಕಲ್ ಶಟರ್‌ನಲ್ಲಿ (ಒಳಗೆ ನಿಜವಾದ ಪರದೆ ತೆರೆದು ಮುಚ್ಚುವುದು) 1/250ಕ್ಕೂ ಈ ಥರ ಪಟ್ಟೆ ಇಲ್ಲ, ಆದರೆ ಹತ್ತು ಫೋಟೊ ತೆಗೆದರೆ ಒಂದು ಕಪ್ಪು, ಒಂದು ಬಿಳಿ ಅಂತ ಬೆಳಕು ಹೆಚ್ಚು ಕಡಿಮೆ.

ಕಾರಣ ಇಷ್ಟೇ. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/100 ಅಥವಾ 1/50 ಇಟ್ಟರೆ ಪೂರ್ತಿ ಮಿನುಗು ಒಳಗೆ ಬರುತ್ತದೆ, ಅದಕ್ಕಿಂತ ವೇಗ ಇಟ್ಟರೆ ಅರ್ಧಂಬರ್ಧ. ಎಲೆಕ್ಟ್ರಾನಿಕ್ ಶಟರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ಆ ಅರ್ಧಂಬರ್ಧ ಪಟ್ಟೆಯಾಗಿ ಕಾಣುತ್ತದೆ.

ತೀರ್ಮಾನ: ಮೆಕಾನಿಕಲ್ ಶಟರ್, 1/100.

ಜೂನ್ 15. ಕೇಳಿ ತೆಗೆದ ಮೊದಲ ದಿನ.

ಮೆಕಾನಿಕಲ್ ಶಟರ್ ಹಾಕಿದ ಮೇಲೆ ‘ಟಕ್’ ಅನ್ನುತ್ತದೆ. ಮೊದಲ ಟಕ್‌ಗೇ ಮೂರು ಜನ ತಿರುಗಿ ನೋಡಿದರು. ಹಿಂದಿನ ವಾರ 212 ಸಲ ಇದೇ ಕೆಲಸ ಮಾಡಿದ್ದೆ, ಒಬ್ಬರೂ ತಿರುಗಿರಲಿಲ್ಲ. ತೊಂದರೆ ಕೊಡಬಾರದು ಅಂತ ಸೈಲೆಂಟ್ ಇಟ್ಟೆ ಅಂದುಕೊಂಡಿದ್ದೆನಲ್ಲ, ಅದು ಅರ್ಧ ಸತ್ಯ. ಅವರಿಗೆ ಗೊತ್ತಾದರೆ ಬೇಡ ಅಂದಾರು ಅನ್ನೋ ಭಯವೂ ಅದರಲ್ಲಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು: “ಸದ್ದು ಬೇಕು. ತೆಗೆದೆ ಅಂತ ಅವರಿಗೆ ಗೊತ್ತಾಗಬೇಕು.” ಆಮೇಲೆ ಸೈಲೆಂಟ್ ಮೋಡ್ ಮುಟ್ಟಲಿಲ್ಲ.

ಕೇಳುವುದನ್ನೂ ಕಲಿಯಬೇಕಾಯಿತು. ಕ್ಯಾಮೆರಾ ಮುಖದ ಮಟ್ಟಕ್ಕೆ ಎತ್ತಿಕೊಂಡು “ತೆಗೀಲಾ?” ಅಂದರೆ ಅದು ಕೇಳಿದ ಹಾಗಲ್ಲ. ಆಗಲೇ ಅರ್ಧ ತೆಗೆದಾಗಿದೆ. ಪಟ್ಟಿ ಹೆಗಲಿಗೆ ಹಾಕಿ, ಕ್ಯಾಮೆರಾ ಸೊಂಟದ ಹತ್ತಿರ ಇಳಿಬಿಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡಿಸಿದೆ. ಸಾಲಿನ ಮೊದಲ ಅಣ್ಣ ಹೇಳಿದರು, “ಇನ್ನೂ ಬೋಣಿ ಆಗಿಲ್ಲ ಕಣಮ್ಮ, ಆಮೇಲೆ ಬಾ.” ಬೋಣಿ ಮಾಡೋಣ ಅಂತ ನಾನೇ ಎರಡು ಮೊಳ ಮಲ್ಲಿಗೆ ತಗೊಂಡೆ. ಅವರು ಒಪ್ಪಿದರು, ಆದರೆ ಮನಸ್ಸಿಲ್ಲದೆ ಒಪ್ಪಿದ ಮುಖ ಫೋಟೊದಲ್ಲಿ ಹಾಗೇ ಬಂತು. ಹೂ ತಗೊಂಡು ಒಪ್ಪಿಸುವುದು ಅಲ್ಲಿಗೆ ನಿಲ್ಲಿಸಿದೆ. ಹೂ ಬೇಕಾದರೆ ಫೋಟೊ ಎಲ್ಲ ಮುಗಿದ ಮೇಲೆ, ಫೋಟೊ ತೆಗೆಸದವರ ಹತ್ತಿರ ತಗೊಳ್ಳುತ್ತೇನೆ. ಬೋಣಿ ಆಗದವರ ಹತ್ತಿರ ಕ್ಯಾಮೆರಾ ವಿಷಯವೇ ಎತ್ತುವುದಿಲ್ಲ.

ಆ ದಿನ 11 ಜನ ಒಪ್ಪಿದರು, 5 ಜನ ಬೇಡ ಅಂದರು.

1/100ರಲ್ಲಿ ಒಂದು ತೊಂದರೆ ಇದೆ. ಹೂ ಕಟ್ಟುವ ಬೆರಳು ನಿಲ್ಲುವುದೇ ಇಲ್ಲ, ಮಸುಕು ಬರುತ್ತದೆ. ಕನಕಾಂಬರ ಕಟ್ಟುತ್ತಿದ್ದ ಅಜ್ಜಿಯ ಎದುರು ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಒದ್ದೆ ಮಾಡಿದ ಬಾಳೆ ನಾರು. ಈ ಕಡೆಗೆ ಎರಡು ಹೂ, ಆ ಕಡೆಗೆ ಎರಡು, ತೊಟ್ಟು ತೊಟ್ಟಿಗೆ ತಾಗಿಸಿ ಇಡುತ್ತಾರೆ. ನಾರು ಒಂದು ಸುತ್ತು ಬರುತ್ತದೆ, ಹೆಬ್ಬೆರಳ ಕೆಳಗೆ ಕುಣಿಕೆ ಬೀಳುತ್ತದೆ, ಎಳೆಯುತ್ತಾರೆ. ಎಳೆದು ಬಿಗಿ ಮಾಡುವ ಆ ಒಂದು ಕ್ಷಣ ಎರಡೂ ಕೈ ಗಟ್ಟಿಯಾಗಿ ನಿಲ್ಲುತ್ತವೆ. ಆಗ ಒತ್ತಬೇಕು. ಲಯ ಸಿಕ್ಕಿದ ಮೇಲೆ ಹತ್ತಕ್ಕೆ ಏಳು ಫೋಟೊ ಚೂಪಾಗಿ ಬಂದವು, 1/100ರಲ್ಲೇ.

ಜೂನ್ 22. ಎರಡು ಪೆಟ್ಟು.

11 ಜನರ ಪ್ರಿಂಟ್ ಮಾಡಿಸಿಕೊಂಡು ಹೋದೆ. 4x6, ಅಂದರೆ ಸ್ಟುಡಿಯೋದವರು ಮ್ಯಾಕ್ಸಿ ಅನ್ನುವ ಸೈಜು, ಒಂದಕ್ಕೆ 12 ರೂಪಾಯಿ. ಅಜ್ಜಿಗೆ ಮೊದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

“ಕರ್ರಗಿದ್ದೀನಿ ಅಂತ ನಂಗೊತ್ತು ಕಣವ್ವ. ನೀಲಿ ಯಾವಾಗ ಆದೆ? ಕೃಷ್ಣ ಮಾಡಿಬಿಟ್ಟಿದ್ದೀಯಲ್ಲ!”

ಪಕ್ಕದವರೆಲ್ಲ ನಕ್ಕರು. ನಿಜ, ಮುಖ ನೀಲಿ. ಅವರ ತಲೆ ಮೇಲೆ ನೀಲಿ ಟಾರ್ಪಾಲು ಇತ್ತು. ಅದರ ಮೂಲಕ ಇಳಿದ ಬೆಳಕೇ ಮುಖಕ್ಕೆ ಬಿದ್ದಿದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಕ್ಯಾಮೆರಾ ಅಷ್ಟು ಹೊಂದಿಕೊಳ್ಳುವುದಿಲ್ಲ. ಮನೆಯಲ್ಲಿ ಎಡಿಟ್ ಮಾಡುವಾಗ ನನಗೆ ಯಾಕೆ ಕಾಣಲಿಲ್ಲ ಅಂದರೆ, ರಾತ್ರಿ ಕೂತು ಮಾಡಿದ್ದೆ, ಲ್ಯಾಪ್‌ಟಾಪಿನ ನೈಟ್ ಲೈಟ್ (ರಾತ್ರಿ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್) ಆನ್ ಇತ್ತು. ಪರದೆಯೇ ಹಳದಿಯಾಗಿದ್ದರೆ ನೀಲಿ ಎಲ್ಲಿ ಕಾಣಬೇಕು? ಎಡಿಟಿಂಗ್‌ಗೆ ಕೂರುವ ಮೊದಲು ಅದನ್ನು ಆರಿಸಿ. 132 ರೂಪಾಯಿ ಹೋಯಿತು.

ಎರಡನೆಯದು ದುಡ್ಡಿನ ನಷ್ಟವಲ್ಲ. ಜೂನ್ 8ರ ಫೋಟೊಗಳಲ್ಲಿ ಚೆನ್ನಾಗಿ ಬಂದ ಒಂದನ್ನು, ಚೆಂಡು ಹೂವಿನ ರಾಶಿಯ ಹಿಂದೆ ಕೂತಿದ್ದ ಅಕ್ಕನದು, ಜೂನ್ 17ಕ್ಕೆ ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆ. ಕೇಳಿರಲಿಲ್ಲ. ಆ ಫೋಟೊ ತೆಗೆದದ್ದೇ ಅವರಿಗೆ ಗೊತ್ತಿರಲಿಲ್ಲ. 22ರಂದು ಖುಷಿಯಿಂದ ಮೊಬೈಲ್ ಹಿಡಿದು ತೋರಿಸಿದೆ. ಅವರು ನಗಲಿಲ್ಲ. “ಇದು ಎಲ್ಲರಿಗೂ ಕಾಣುತ್ತಾ?” ಅಂತ ಕೇಳಿದರು. ಹೌದು ಅಂದೆ. “ನಮ್ಮೂರವರಿಗೂ?” ಅಂದರು. ಆಮೇಲೆ ಚೀಲದಿಂದ ಹೂ ಸುರಿಯಲು ತಿರುಗಿದರು, ನನ್ನ ಕಡೆ ನೋಡಲಿಲ್ಲ.

ಯಾಕೆ ಅಂತ ನಾನು ಕೇಳಲಿಲ್ಲ, ಕೇಳುವ ಹಕ್ಕು ನನಗಿರಲಿಲ್ಲ. ಅಲ್ಲೇ ನಿಂತು ಅಳಿಸಿದೆ, ಅಳಿಸಿದ್ದನ್ನು ತೋರಿಸಿದೆ. ಆದರೆ ಅಷ್ಟರಲ್ಲಿ ಬೇರೊಂದು ಪುಟದವರು ಅದನ್ನು ಹಂಚಿಕೊಂಡಿದ್ದರು. ಅವರಿಗೆ ನಾಲ್ಕು ಸಲ ಮೆಸೇಜ್ ಮಾಡಿದ ಮೇಲೆ, 9 ದಿನಕ್ಕೆ, ತೆಗೆದರು. ಆ 9 ದಿನ ನನಗೆ ಸರಿಯಾಗಿ ಕೆಲಸ ಮಾಡಲು ಆಗಲಿಲ್ಲ. ಜೂನ್ 8ರ 212 ಫೋಟೊಗಳನ್ನೂ ಅಳಿಸಿಹಾಕಿದೆ. ಅದರಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಹಮಾಲಿಗಳ 6 ಫೋಟೊ ಇದ್ದವು. ನಿದ್ದೆ ಮಾಡುತ್ತಿರುವವರನ್ನು ಯಾರು ಕೇಳಿಕೊಂಡು ತೆಗೆಯುತ್ತಾರೆ?

ಅಂದಿನಿಂದ ಎರಡು ಪ್ರಶ್ನೆ, ಬೇರೆ ಬೇರೆಯಾಗಿ. ತೆಗೆಯಬಹುದಾ? ನಾಲ್ಕು ಜನಕ್ಕೆ ತೋರಿಸಬಹುದಾ? ಮೊದಲನೆಯದಕ್ಕೆ ಹೂಂ ಅಂದವರಲ್ಲಿ ಅರ್ಧಕ್ಕರ್ಧ ಎರಡನೆಯದಕ್ಕೆ ಬೇಡ ಅಂದರು. ಚಿಕ್ಕ ಮಕ್ಕಳಿದ್ದರೆ ಅಪ್ಪ ಅಮ್ಮ ಎದುರಿಗಿದ್ದು ಒಪ್ಪಿದರೆ ಮಾತ್ರ, ಮತ್ತು ಅದನ್ನು ಎಲ್ಲೂ ಹಾಕುವುದಿಲ್ಲ.

ಜೂನ್ 29. ಗ್ರೇ ಕಾರ್ಡ್.

ಜೂನ್ 26ಕ್ಕೆ ಆಷಾಢ ಹಿಡಿದಿತ್ತು. ಮದುವೆ ಮುಂಜಿ ಇಲ್ಲ, ವ್ಯಾಪಾರ ತಣ್ಣಗೆ. ಮಾರುವವರಿಗೆ ಮಾತಾಡಲು ಪುರುಸೊತ್ತು. ಈ ಥರ ಕೆಲಸಕ್ಕೆ ಆಷಾಢದಂಥ ತಿಂಗಳು ಇನ್ನೊಂದಿಲ್ಲ.

ಬಣ್ಣ ಸರಿಮಾಡಲು 350 ರೂಪಾಯಿಗೆ ಗ್ರೇ ಕಾರ್ಡ್ ತಗೊಂಡಿದ್ದೆ. ಅದೊಂದು ಬೂದು ಬಣ್ಣದ ಕಾರ್ಡು, ಅದೇ ಬೆಳಕಿನಲ್ಲಿ ಅದರ ಫೋಟೊ ತೆಗೆದು, ಎಡಿಟಿಂಗ್‌ನಲ್ಲಿ ಇದು ಬೂದು ಅಂತ ಗುರುತಿಸಿದರೆ ಉಳಿದ ಬಣ್ಣ ಸರಿಹೋಗುತ್ತದೆ. ಒಬ್ಬ ಅಕ್ಕನ ಕೈಗೆ ಕೊಟ್ಟು ಮುಖದ ಹತ್ತಿರ ಹಿಡಿದುಕೊಳ್ಳಿ ಅಂದೆ. ಅವರು ಹಿಡಿದುಕೊಂಡರು. ಎದುರಿನ ಅಂಗಡಿಯವರು “ಏನೇ, ಸ್ಟೇಷನ್‌ನಲ್ಲಿ ಸ್ಲೇಟು ಹಿಡಿಸಿದ ಹಾಗಿದೆ” ಅಂದುಬಿಟ್ಟರು. ಅಕ್ಕನ ಮುಖ ಸಣ್ಣದಾಯಿತು. ಕಾರ್ಡ್ ವಾಪಸ್ ತಗೊಂಡು ಕ್ಷಮೆ ಕೇಳಿದೆ. ಆಮೇಲಿಂದ ಕಾರ್ಡನ್ನು ನನ್ನ ಎಡಗೈಯಲ್ಲೇ ಹಿಡಿದು, ಅವರು ಕೂತ ಜಾಗದಿಂದ ಒಂದು ಅಡಿ ಪಕ್ಕಕ್ಕೆ ಚಾಚಿ, ಒಂದು ಫೋಟೊ ತೆಗೆದುಕೊಳ್ಳುತ್ತೇನೆ. ಬೆಳಕು ಅದೇ, ಕೆಲಸ ನಡೆಯುತ್ತದೆ.

ಅದಕ್ಕೂ ಮೊದಲು ಮಲ್ಲಿಗೆಯನ್ನೇ ಬಿಳಿ ಅಂತ ಲೆಕ್ಕ ಹಿಡಿದು ಎಡಿಟಿಂಗ್‌ನಲ್ಲಿ ಕ್ಲಿಕ್ ಮಾಡಿ ನೋಡಿದ್ದೆ. ಮೊಗ್ಗಿನಲ್ಲಿ ಎಳೆ ಹಸಿರು ಇರುತ್ತದೆ. ಫೋಟೊ ಪೂರ್ತಿ ನಸುಗುಲಾಬಿಗೆ ತಿರುಗಿತು.

ಗ್ರೇ ಕಾರ್ಡ್ ಪ್ರಕಾರ ಟಾರ್ಪಾಲಿನ ಕೆಳಗೆ ಸುಮಾರು 9000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇಡಬೇಕಾಯಿತು. ಮುಖ ಸರಿಹೋಯಿತು. ಆದರೆ ಪಕ್ಕದಲ್ಲಿ ತೂಗುತ್ತಿದ್ದ ಹಳದಿ ಬಲ್ಬಿನ ಬೆಳಕು ಬಿದ್ದ ಅರ್ಧ ಕೆನ್ನೆ ಕಿತ್ತಳೆ ಹಣ್ಣಾಯಿತು. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಯಾವ ಕಾರ್ಡೂ ಕಾಪಾಡುವುದಿಲ್ಲ.

ಜುಲೈ 6. ರಿಫ್ಲೆಕ್ಟರ್ ಕಟ್ಟಿದ್ದು, ಕೆಟ್ಟಿದ್ದು.

ಮುಖದ ಮೇಲೆ ಬೆಳಕು ತಿರುಗಿಸಲು ಎ3 ಅಳತೆಯ ಬಿಳಿ ಸನ್‌ಬೋರ್ಡ್, ಅಂದರೆ ಹಗುರ ಫೋಮ್ ಹಲಗೆ (60 ರೂಪಾಯಿ) ತಂದು ಪೇಪರ್ ಕಟ್ಟರ್‌ನಲ್ಲಿ ಮಧ್ಯಕ್ಕೆ ಸೀಳಿ, ಬಟ್ಟೆ ಟೇಪಿನಿಂದ (45 ರೂಪಾಯಿ) ಪುಸ್ತಕದ ಥರ ಮಡಚುವ ಹಾಗೆ ಅಂಟಿಸಿದೆ. ಮಡಚಿದರೆ ಎ4, ಜೋಳಿಗೆಗೆ ಹಿಡಿಸುತ್ತದೆ. ಟೇಪ್ ಅಂಟಿಸುವಾಗ ಎರಡು ಹೋಳಿನ ನಡುವೆ 5 ಮಿ.ಮೀ. ಸಂದು ಬಿಡಬೇಕು. ಮೊದಲ ಸಲ ಬಿಡದೆ ಅಂಟಿಸಿ, ಮಡಚಿದಾಗ ಟೇಪ್ ಕಿತ್ತುಬಂತು.

ಮಾರ್ಕೆಟ್‌ನಲ್ಲಿ ಬಿಚ್ಚಿ ಅಜ್ಜಿಯ ಎದೆಮಟ್ಟಕ್ಕೆ ಹಿಡಿದೆ. ಮುಖಕ್ಕೆ ಬೆಳಕೇನೋ ಬಂತು, ಅದೂ ನೀಲಿ. ನೀಲಿ ಟಾರ್ಪಾಲಿನ ಕೆಳಗೆ ಬಿಳಿ ಹಲಗೆ ಹಿಡಿದರೆ ಅದು ನೀಲಿಯನ್ನೇ ತಿರುಗಿಸುತ್ತದೆ. ಇಷ್ಟು ಸರಳ ವಿಷಯ ಹಲಗೆ ಕೈಯಲ್ಲಿ ಹಿಡಿಯುವವರೆಗೂ ಹೊಳೆಯಲಿಲ್ಲ. ಹಲಗೆಗೆ ಬಯಲಿನ ಬೆಳಕು ಕಾಣಬೇಕು. ಅದಕ್ಕೆ ಸಾಲಿನ ಬಾಯಿಯ ಕಡೆ, ದಾರಿಯ ನಡುವೆ ನಿಲ್ಲಬೇಕು. ನಿಂತೆ. ತಲೆ ಮೇಲೆ ಮೂಟೆ ಹೊತ್ತ ಹಮಾಲಿ ಅಣ್ಣ “ದಾರಿ, ದಾರಿ” ಅನ್ನುತ್ತಾ ಬಂದರು. ಹಲಗೆ ಅಡ್ಡ ಇದ್ದುದರಿಂದ ನಾನು ಅವರನ್ನು ನೋಡಲೇ ಇಲ್ಲ. ಅವರು ತಡವರಿಸಿದರು, ಮೂಟೆ ವಾಲಿತು, ಪುಣ್ಯಕ್ಕೆ ಬೀಳಲಿಲ್ಲ. ಅವರು ಬೈದದ್ದು ಸರಿಯಾಗಿಯೇ ಇತ್ತು. 50 ಕೆ.ಜಿ. ಹೊತ್ತವರಿಗೆ ನಿಂತು ಸುಧಾರಿಸಿಕೊಳ್ಳಲು ಆಗುವುದಿಲ್ಲ. ರಿಫ್ಲೆಕ್ಟರ್ ಮನೆಗೆ ಹೋಯಿತು, ಈಗ ಕಿಟಕಿ ಪಕ್ಕ ತಟ್ಟೆ ತಿಂಡಿ ಫೋಟೊ ತೆಗೆಯಲು ಬಳಸುತ್ತಿದ್ದೇನೆ.

ಜುಲೈ 13. ಗಡಿಯಾರ ಬದಲಿಸಿದೆ.

ಸಾಮಾನು ಬದಲಿಸುವುದು ಬಿಟ್ಟು ಹೊತ್ತು ಬದಲಿಸಿದೆ. 5:30ರ ಬದಲು 7:30. ಅಷ್ಟೊತ್ತಿಗೆ ಹೊರಗಿನ ಸಾಲಿನವರು ಬಲ್ಬ್ ಆರಿಸಿರುತ್ತಾರೆ. ಮುಖದ ಮೇಲೆ ಒಂದೇ ಬಣ್ಣದ ಬೆಳಕು, ಗ್ರೇ ಕಾರ್ಡ್‌ಗೆ ಸಿಗುತ್ತದೆ. ಸಗಟು ವ್ಯಾಪಾರದ ನೂಕುನುಗ್ಗಲೂ ಇಳಿದಿರುತ್ತದೆ, ಬೋಣಿಯೂ ಆಗಿರುತ್ತದೆ. ಬಲ್ಬ್ ಇಲ್ಲದ ಕಡೆ 1/100ಕ್ಕೆ ಕಟ್ಟುಬೀಳಬೇಕಾಗಿಲ್ಲ, 1/200 ಇಟ್ಟೆ. ಐಎಸ್‌ಒ 800ಕ್ಕೆ ಇಳಿಯಿತು. ಇದನ್ನೇ ಮೊದಲ ವಾರ ಮಾಡಿದ್ದರೆ 455 ರೂಪಾಯಿ ಮತ್ತು ಒಬ್ಬ ಅಣ್ಣನ ಬೈಗುಳ ಎರಡೂ ಉಳಿಯುತ್ತಿದ್ದವು.

ಇನ್ನೊಂದು ವಿಷಯ. ನನಗೆ ಮುಖ ತುಂಬ ಹತ್ತಿರ ತೆಗೆಯುವ ಚಾಳಿ. ಹಣೆ ಅರ್ಧ ಕತ್ತರಿಸಿ, ಕಣ್ಣು ದೊಡ್ಡದಾಗಿ. ತುಳಸಿ ಮಾರುವ ಅಣ್ಣ ಕ್ಯಾಮೆರಾ ಹಿಂದಿನ ಪರದೆ ನೋಡಿ “ತಲೆ ಎಲ್ಲಿ ಹೋಯ್ತು?” ಅಂದರು. ಅವರಿಗೆ ಬೇಕಿದ್ದದ್ದು ನೆಟ್ಟಗೆ ನಿಂತ, ಕಾಲಿನ ತನಕ ಬಂದ, ಹಿಂದೆ ಅಂಗಡಿ ಕಾಣುವ ಫೋಟೊ. ಕಪ್ಪು-ಬಿಳುಪು ಮಾಡಿ ತೋರಿಸಿದಾಗ ಇನ್ನೊಬ್ಬರು “ಗೋಡೆಗೆ ಹಾಕಿ ಹಾರ ಹಾಕ್ಬೇಕಾ?” ಅಂತ ಕೇಳಿದರು. ಆಗಿನಿಂದ ಎರಡು ತೆಗೆಯುತ್ತೇನೆ. ಮೊದಲನೆಯದು ಅವರು ಹೇಳಿದ ಹಾಗೆ, ಬಣ್ಣದಲ್ಲಿ. ಎರಡನೆಯದು ನನ್ನ ಇಷ್ಟದ ಹಾಗೆ. ಪ್ರಿಂಟ್ ಮೊದಲನೆಯದರದ್ದು.

ಜುಲೈ 17ರಿಂದ 19. ಲ್ಯಾಬ್.

ಈ ಸಲ ಒಟ್ಟಿಗೆ ಕೊಡದೆ ಮೊದಲು ಒಂದು ಟೆಸ್ಟ್ ಪ್ರಿಂಟ್ ಹಾಕಿಸಿದೆ. ಅಜ್ಜಿ ಗೋಧಿ ಬಣ್ಣಕ್ಕೆ ಬಂದಿದ್ದರು! ಲ್ಯಾಬಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಮುಖ ಬೆಳ್ಳಗೆ ಮಾಡಿದ್ದ. ಎಲ್ಲರೂ ಹಾಗೇ ಕೇಳುತ್ತಾರಂತೆ. “ಕರೆಕ್ಷನ್ ಬೇಡ, ಫೈಲ್ ಇದ್ದ ಹಾಗೇ ಹಾಕಿ” ಅಂತ ಕವರಿನ ಮೇಲೆ ಬರೆದುಕೊಟ್ಟೆ. ಎರಡನೇ ಟೆಸ್ಟ್ ಸ್ವಲ್ಪ ಕಪ್ಪಾಯಿತು, ಪರದೆಯ ಬೆಳಕು ಜಾಸ್ತಿ ಇಟ್ಟು ಎಡಿಟ್ ಮಾಡಿದ್ದು ನನ್ನ ತಪ್ಪು. ನಾಲ್ಕನೇ ಟೆಸ್ಟ್‌ಗೆ ಸರಿಹೋಯಿತು. 48 ರೂಪಾಯಿ.

ಜುಲೈ 20, 27. ಹುಡುಕಾಟ.

ಪ್ರಿಂಟ್ ಕೊಡುವಾಗ ಗುರುತು ಸಿಗಲಿ ಅಂತ ನಾನು ಪ್ರತಿ ಫೋಟೊಗೂ “ಮೆಟ್ಟಿಲಿಂದ ಎಡಕ್ಕೆ 3ನೆಯವರು” ಅಂತ ಬರೆದುಕೊಂಡಿದ್ದೆ. ನೆಲದ ಮೇಲೆ ಕೂತು ಮಾರುವವರು ವಾರ ವಾರ ಜಾಗ ಬದಲಿಸುತ್ತಾರೆ. ಮೊದಲ ದಿನ 5 ಜನ ಮಾತ್ರ ಸಿಕ್ಕರು. ಆಮೇಲೆ ಎಲ್ಲರ ಮುಖವನ್ನೂ ಚಿಕ್ಕದಾಗಿ ಜೋಡಿಸಿ ಎರಡು ಎ4 ಹಾಳೆ ಕಲರ್ ಪ್ರಿಂಟ್ ತೆಗೆಸಿದೆ (40 ರೂಪಾಯಿ). ಹಾಳೆ ತೋರಿಸಿದ ತಕ್ಷಣ “ಇವಳು ಮಂಗಳವಾರ ಶುಕ್ರವಾರ ಮಾತ್ರ ಬರೋದು”, “ಇವನು ಈಗ ಆ ಕಡೆ ಗುಲಾಬಿ ಇಟ್ಟಿದಾನೆ” ಅಂತ ಅವರೇ ಹೇಳಿದರು. ಒಬ್ಬರ ಪ್ರಿಂಟ್ ಇನ್ನೊಬ್ಬರ ಕೈಗೆ ಕೊಟ್ಟು ತಲುಪಿಸಿ ಅನ್ನಲಿಲ್ಲ. ಎರಡೆರಡು ಸಲ ಹೋದೆ. ಹಾಳೆಯನ್ನು ಯಾರ ಮೊಬೈಲಿನಲ್ಲೂ ಫೋಟೊ ಹೊಡೆಯಲು ಬಿಡಲಿಲ್ಲ.

ಆಗಸ್ಟ್ 3, 24. ಕ್ಯಾಮೆರಾ ಮನೆಯಲ್ಲಿ.

ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 26ಕ್ಕೆ ಗೌರಿ ಹಬ್ಬ, 27ಕ್ಕೆ ಗಣೇಶ. ಅವುಗಳ ಹಿಂದಿನ ಭಾನುವಾರಗಳಂದು ಕಣ್ಣಿಗೆ ಹಬ್ಬದಂಥ ದೃಶ್ಯ ಇರುತ್ತದೆ, ನಿಜ. ಆದರೆ ಅವರ ವರ್ಷದ ದುಡಿಮೆಯ ದಿನಗಳು ಅವು. ಜೋಳಿಗೆ ಹಿಡಿದು ಹೂ ತರಲು ಮಾತ್ರ ಹೋದೆ. 10 ಮತ್ತು 17ರಂದು ಉಳಿದ ಪ್ರಿಂಟ್ ಹಂಚಿದೆ.

ಲೆಕ್ಕ. ಕೇಳಿದ್ದು 47 ಜನರನ್ನು. ಬೇಡ ಅಂದವರು 13, ಒಪ್ಪಿದವರು 34. ಮೊದಲ 11 ಪ್ರಿಂಟ್ (ನೀಲಿ) 132, ಅವನ್ನೇ ಮತ್ತೆ ಮಾಡಿಸಿದ್ದು 132, ಆಮೇಲಿನ 23ಕ್ಕೆ 276, ಟೆಸ್ಟ್ 48, ಅಜ್ಜಿಗೆ 6x8 ಅಳತೆಯ ದೊಡ್ಡದೊಂದು 40, ಗ್ರೇ ಕಾರ್ಡ್ 350, ಸನ್‌ಬೋರ್ಡ್ ಮತ್ತು ಟೇಪ್ 105, ಹಾಳೆ 40. ಒಟ್ಟು 1,123 ರೂಪಾಯಿ. ಪೆಟ್ರೋಲ್, ಹೂವಿನ ದುಡ್ಡು ಸೇರಿಸಿಲ್ಲ. 34ರಲ್ಲಿ 31 ಕೈಸೇರಿವೆ.

ಆಗಸ್ಟ್ 31.

ಅಜ್ಜಿ ದೊಡ್ಡ ಪ್ರಿಂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾರೆ. ಚಿಲ್ಲರೆ ಕೊಡಲು ಮುಚ್ಚಳ ಎತ್ತಿದಾಗಲೆಲ್ಲ ಕಾಣುತ್ತದೆ.

ಚೆಂಡು ಹೂವಿನ ಅಕ್ಕನನ್ನು ಜೂನ್ 22ರ ಆಮೇಲೆ ನಾನು ಕೇಳಿರಲಿಲ್ಲ. ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದೆ. ಅವತ್ತು ಅವರೇ ಕರೆದರು. “ಎಲ್ಲರಿಗೂ ಕೊಟ್ಟೆಯಂತೆ. ನನ್ನದು ಬೇಡ. ಹೂವಿನದು ತೆಗಿ, ಇವತ್ತು ಒಳ್ಳೆ ಮಾಲು ಬಂದಿದೆ.” ತೆಗೆದೆ. ಮೇಲಿಂದ, ರಾಶಿ ಪೂರ್ತಿ, ಅಂಚಿನಲ್ಲಿ ತಕ್ಕಡಿ. 1/200, ಎಫ್/5.6, ಐಎಸ್‌ಒ 1600. ಪರದೆ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದರು, ತಮ್ಮ ಸೆರಗಿನ ತುದಿ ಬಂದಿದೆಯಾ ಅಂತ. ಎಡಕ್ಕೆ ಚೂರು ಬಂದಿತ್ತು. ಅದನ್ನು ಅಳಿಸಿ ಇನ್ನೊಂದು ತೆಗೆದೆ. ಆಗ ಸರಿ ಅಂದರು.

ಆ ಪ್ರಿಂಟ್ ಇನ್ನೂ ಲ್ಯಾಬಿಗೆ ಕೊಡಬೇಕು. ಬಾಕಿ ಮೂರರ ಜೊತೆ ಸೆಪ್ಟೆಂಬರ್ 7ಕ್ಕೆ ಒಯ್ಯುತ್ತೇನೆ. ಅದರಲ್ಲಿ ಒಬ್ಬರು ಮಂಗಳವಾರ ಶುಕ್ರವಾರ ಮಾತ್ರ ಬರುವವರು. ಅವರಿಗಾಗಿ ಒಂದು ದಿನ ಅರ್ಧ ರಜೆ ಹಾಕಬೇಕು.